ಇ-ಸೈಕಲ್ಲಿಗೆ ಅಗ್ಗದ ಜೋಡಿ ಚೀಲ: ಓಲಾಡದಂತೆ ಕಟ್ಟುವ ಕ್ರಮ

ಚಿಕ್ಕಮಗಳೂರಿನಿಂದ ಆಲ್ದೂರು ಕಡೆಯ ತೋಟಗಳಿಗೆ ಪಂಪ್ ರಿಪೇರಿಗೆ ಹೋಗುವಾಗ ಸ್ಪ್ಯಾನರ್, ವೈರ್ ಸುರುಳಿ, ಚಾರ್ಜರ್ ಎಲ್ಲವೂ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆಯೇ. ತಿರುವಿನಲ್ಲಿ ಚೀಲ ಒಳಕ್ಕೆ ವಾಲಿ ಚಕ್ರದ ಕಡ್ಡಿಗೆ ತಾಗುತ್ತಿತ್ತು. ಪೆಡಲ್ ತುಳಿದರೆ ಹಿಮ್ಮಡಿ ಬಡಿಯುತ್ತಿತ್ತು.

ಕೊಕ್ಕೆಯ ರಬ್ಬರ್ ಹಗ್ಗ ಹಳ್ಳ ಹಾರಿದಾಗಲೆಲ್ಲ ಸಡಿಲವಾಯಿತು. ಬೆನ್ನಿಗೆ ಹಾಕಿಕೊಂಡರೆ ಏರಿನಲ್ಲಿ ಭುಜ ಕೀಳುತ್ತದೆ. ‘ವಾಟರ್‌ಪ್ರೂಫ್’ ಎಂದು ಮಾರಿದ ಚೀಲ ಹೊಲಿಗೆಯಲ್ಲೇ ಸೋರಿತು. ಮಲೆನಾಡಿನ ಮಳೆ ಲೇಬಲ್ ಓದುವುದಿಲ್ಲ.

ಕೊನೆಗೆ ಟಾರ್ಪಾಲಿನ್ ಹೊಲಿಯುವವರಲ್ಲಿ ಅಗಲ ಪಟ್ಟಿಯಿಂದ ಜೋಡಿಸಿದ ಎರಡು ಚೀಲ ಮಾಡಿಸಿದೆ. ಚಕ್ರದ ಕಡೆಯ ಮೈಗೆ ಒಳಗಿನಿಂದ ತರಕಾರಿ ಹೆಚ್ಚುವ ಹಳೆಯ ಪ್ಲಾಸ್ಟಿಕ್ ಮಣೆ ಇಟ್ಟು, ಅಗಲ ವಾಷರ್ ಹಾಕಿ ಬೋಲ್ಟ್ ಬಿಗಿಯಬೇಕು. ಚೀಲ ಮಡಚಿಕೊಳ್ಳುವುದು ಅಲ್ಲಿಗೆ ನಿಲ್ಲುತ್ತದೆ. ನಂತರ ಕ್ಯಾರಿಯರ್ ಮೇಲೆ ಹಾಕಿ, ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿಗೂ ಚೀಲಕ್ಕೂ ನಾಲ್ಕು ಬೆರಳು ಅಂತರ ಉಳಿಯುವಂತೆ ಹಿಂದೆ ಸರಿಸಿ. ಮೇಲಿನ ಪಟ್ಟಿಯನ್ನು ಆಮೇಲೆಯೇ ಬಿಗಿಯಿರಿ. ಕೊನೆಯದಾಗಿ ಕೆಳಮೂಲೆಗಳನ್ನು ಹಳೆಯ ಟ್ಯೂಬ್ ಪಟ್ಟಿಯಿಂದ ಕ್ಯಾರಿಯರ್ ಕಾಲಿಗೆ ಎಳೆದು ಕಟ್ಟಿ. ಓಲಾಟ ನಿಲ್ಲಿಸುವುದು ಈ ಕೆಳಗಿನ ಕಟ್ಟೇ. ಮೇಲೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಹಿಂಚಕ್ರದಲ್ಲಿ ಹಬ್ ಮೋಟರ್ (ಚಕ್ರದ ನಡುವೆಯೇ ಕೂರಿಸಿದ ಮೋಟರ್) ಇದ್ದರೆ ಅದರ ತಂತಿ ಆಕ್ಸಲ್ ಬಳಿ ಹೊರಬರುತ್ತದೆ. ಟ್ಯೂಬ್ ಪಟ್ಟಿ ಅದರ ಮೇಲೆ ಹಾಯಕೂಡದು, ತಿಕ್ಕಾಡಿ ಹೊದಿಕೆ ಸವೆಯುತ್ತದೆ.

ಭಾರದ ಸಾಮಾನು ತಳದಲ್ಲಿ, ಎರಡೂ ಬದಿಗೆ ಸಮನಾಗಿ. ಚಾರ್ಜರ್ ಮಾತ್ರ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಯನ್ನು ಮೂರು ಸುತ್ತು ಮಡಚಿ, ಎಲ್ಲಕ್ಕಿಂತ ಮೇಲೆ.