ಡಿಎಂಎ ಬಫರ್‌ನ ಕೊನೆಯ ಎಂಟು ಬೈಟುಗಳು

ಮಡಿಕೇರಿಯ ಕಾಫಿ ಒಣಗಿಸುವ ಕಣವೊಂದರ ತೇವಾಂಶ ಮಾಪಕಕ್ಕೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬರೆಯುತ್ತಿದ್ದೆ. ಪ್ರೊಸೆಸರ್ ಕಾರ್ಟೆಕ್ಸ್-ಎ53. ಡಿಎಂಎ (ಸಿಪಿಯು ನೆರವಿಲ್ಲದೆ ದತ್ತಾಂಶ ನೇರವಾಗಿ ಮೆಮೊರಿಗೆ ಹೋಗುವ ವಿಧಾನ) ಮೂಲಕ ಬಫರ್‌ಗೆ, ಅಂದರೆ ಅದಕ್ಕೆಂದು ಮೀಸಲಿಟ್ಟ ಮೆಮೊರಿ ಜಾಗಕ್ಕೆ, ಬರುವ 200 ಬೈಟುಗಳಲ್ಲಿ ಕೊನೆಯ ಎಂಟು ಆಗಾಗ ಹಳೆಯ ಮೌಲ್ಯವನ್ನೇ ತೋರಿಸುತ್ತಿದ್ದವು.

ಮಳೆಗಾಲ; ಮೊದಲ ಅನುಮಾನ ಕೇಬಲ್ ಮೇಲೆ. ಬದಲಿಸಿದೆ. ಮಾಪಕವನ್ನು ಜೋಡಿಸುವ ಎಸ್‌ಪಿಐ ಸಂಪರ್ಕದ ವೇಗ ಇಳಿಸಿದೆ. ಎರಡೂ ವ್ಯರ್ಥ. ಪ್ರಿಂಟ್ ಸಾಲು ಸೇರಿಸಿದರೆ ದೋಷ ಮಾಯವಾಗುತ್ತಿತ್ತು, ದಾರಿ ತಪ್ಪಿಸಿದ್ದೇ ಅದು.

ಸಿಪಿಯು ಮೆಮೊರಿಯ ಪ್ರತಿಯನ್ನು ತನ್ನ ವೇಗದ ಕ್ಯಾಶ್‌ನಲ್ಲಿ ಸಾಲು ಸಾಲಾಗಿ ಇಟ್ಟುಕೊಳ್ಳುತ್ತದೆ; ಒಂದು ಸಾಲು 64 ಬೈಟ್. ಮೂರು ಸಾಲು, ಅಂದರೆ 192 ಕಳೆದು ಉಳಿದ ಎಂಟು ಬೈಟುಗಳು ಸ್ಟ್ರಕ್ಟ್‌ನಲ್ಲಿ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ರಚನೆ) ಬಫರ್‌ನ ನಂತರವಿದ್ದ ಕೌಂಟರ್ ಜತೆ ಒಂದೇ ಸಾಲಿನಲ್ಲಿದ್ದವು. ಕೌಂಟರ್ ಬದಲಾದಾಗ ಆ ಸಾಲು ಇಡಿಯಾಗಿ ಮೆಮೊರಿಗೆ ಮರಳಿ ಹೊಸ ದತ್ತಾಂಶವನ್ನು ಅಳಿಸುತ್ತಿತ್ತು.

ಬಫರನ್ನು ಸ್ಟ್ರಕ್ಟ್‌ನಿಂದ ಹೊರತೆಗೆದು ಕೆಮ್ಯಾಲಾಕ್‌ನಿಂದ (ಕರ್ನಲ್‌ನಲ್ಲಿ ಮೆಮೊರಿ ಕೊಡುವ ಫಂಕ್ಷನ್) ಪ್ರತ್ಯೇಕವಾಗಿ 256 ಬೈಟ್, ಅಂದರೆ ನಾಲ್ಕು ಪೂರ್ಣ ಸಾಲು, ಪಡೆದೆ. ನಂತರದ ಕ್ರಮ: ಬಫರನ್ನು ಸಾಧನಕ್ಕೆ ಒಪ್ಪಿಸುವ ಡಿಎಂಎ_ಮ್ಯಾಪ್_ಸಿಂಗಲ್ (ದಿಕ್ಕು ಡಿಎಂಎ_ಫ್ರಮ್_ಡಿವೈಸ್, ಅಂದರೆ ಸಾಧನದಿಂದ ಮೆಮೊರಿಗೆ), ಮ್ಯಾಪಿಂಗ್ ದೋಷ ಪರೀಕ್ಷೆ, ವರ್ಗಾವಣೆ, ಬಫರನ್ನು ಸಿಪಿಯುಗೆ ಮರಳಿಸುವ ಅನ್‌ಮ್ಯಾಪ್, ಆಮೇಲಷ್ಟೇ ಓದು. ಮ್ಯಾಪ್ ಆಗಿರುವಷ್ಟು ಹೊತ್ತು ಸಿಪಿಯು ಬಫರನ್ನು ಮುಟ್ಟಬಾರದು.