ಏಪ್ರಿಲ್‌ನಲ್ಲಿ ಬೆರ್ಗೆನ್: ಎರಡು ದಿನ, ಐದು ಡಿಗ್ರಿ, ಬಿಡದ ಮಳೆ

ಏಪ್ರಿಲ್ ನಡುವಿನಲ್ಲಿ ಬೆರ್ಗೆನ್‌ಗೆ ಹೊರಟವರು ಚಳಿಗಿಂತ ಹೆಚ್ಚಾಗಿ ಒದ್ದೆಗೆ ಅಂಜಬೇಕು. ನಾರ್ವೆಯ ಪಶ್ಚಿಮ ಕರಾವಳಿಯ ಈ ಊರಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ. ಆಗುಂಬೆಯ ಲೆಕ್ಕದಲ್ಲಿ ಇದು ಕಡಿಮೆಯೇ. ಆದರೆ ಅಲ್ಲಿ ತೊಯ್ದರೆ ಮೈ ಒರೆಸಿಕೊಂಡರೆ ಸಾಕು. ಇಲ್ಲಿ 5 ಡಿಗ್ರಿ, ಮೇಲೆ ಕಡಲಗಾಳಿ.

ಹಾಗಾಗಿ ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಹತ್ತಿ ನೀರು ಹೀರಿ ಹಿಡಿದಿಟ್ಟುಕೊಂಡು ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ. ನಾನು ಒಳಗೆ ತೆಳು ಮೆರಿನೋ ಉಣ್ಣೆ, ನಡುವೆ ಫ್ಲೀಸ್, ಹೊರಗೆ ಟೋಪಿಯುಳ್ಳ ಮಳೆ ಜಾಕೆಟ್ ಹಾಕಿದೆ. ಪುಕ್ಕ ತುಂಬಿದ ದಪ್ಪ ಜಾಕೆಟ್ ಬೇಡ, ನೆನೆದರೆ ಪುಕ್ಕ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಮಳೆ ಪ್ಯಾಂಟ್ ಮರೆಯಬೇಡಿ: ಜಾಕೆಟ್‌ನಿಂದ ಇಳಿದ ನೀರೆಲ್ಲ ತೊಡೆಗೇ ಬರುತ್ತದೆ. ಕೊಡೆ ಗಾಳಿಗೆ ಮಗುಚುತ್ತದೆ. ದಿನಕ್ಕೆ ಎರಡು ಜೊತೆ ಉಣ್ಣೆ ಕಾಲುಚೀಲ ಬೇಕು. ರಾತ್ರಿ ಶೂ ಒಳಗೆ ಸುದ್ದಿಪತ್ರಿಕೆ ತುರುಕಿ, ಒಂದು ಗಂಟೆ ಬಿಟ್ಟು ಕಾಗದ ಬದಲಿಸಿದರೆ ಬೆಳಗ್ಗೆಗೆ ಬಹುಪಾಲು ಒಣಗಿರುತ್ತದೆ. ಹೀಟರ್ ಮೇಲಿಟ್ಟರೆ ಅಂಟು ಬಿಡುತ್ತದೆ.

ವಿಮಾನ ನಿಲ್ದಾಣದಿಂದ ಬೀಬಾನೆನ್ ಟ್ರಾಮ್‌ನ 1ನೇ ಮಾರ್ಗ ಊರ ನಡುವಿನ ಬೀಪಾರ್ಕೆನ್‌ಗೆ ಸುಮಾರು 45 ನಿಮಿಷ. ಟಿಕೆಟ್ ಹತ್ತುವ ಮೊದಲೇ ಕೊಳ್ಳಬೇಕು.

ದಿನವನ್ನು ಮೊದಲೇ ಗಂಟೆಗಳಿಗೆ ಕಟ್ಟಿಹಾಕಬಾರದು. ವೈ, ಆರ್ ಎಂಬ ಎರಡೇ ಅಕ್ಷರಗಳ ಹೆಸರಿನ ನಾರ್ವೆಯ ಹವಾಮಾನ ಆ್ಯಪ್ ಗಂಟೆಗಂಟೆಯ ಮಳೆ ತೋರಿಸುತ್ತದೆ. ಒಣ ಗಂಟೆ ಸಿಕ್ಕೊಡನೆ ಬೆಟ್ಟಕ್ಕೆ, ಮಳೆ ಜೋರಾದಾಗ ಸೂರಿನಡಿ. ಏಪ್ರಿಲ್ ನಡುವೆ ಬೆಳಕು ರಾತ್ರಿ ಎಂಟೂವರೆಯವರೆಗೂ ಇರುವುದರಿಂದ ಮ್ಯೂಸಿಯಂ ಮಧ್ಯಾಹ್ನಕ್ಕೆ, ಬೆಟ್ಟ ಸಂಜೆಗೆ ಇಟ್ಟುಕೊಳ್ಳುವುದೇ ಲಾಭ. 1918ರಿಂದ ಓಡುತ್ತಿರುವ ಫ್ಲೋಯ್‌ಬಾನೆನ್ ಹಗ್ಗದ ರೈಲು ಸುಮಾರು 320 ಮೀಟರ್ ಎತ್ತರದ ಫ್ಲೋಯೆನ್‌ಗೆ ಒಯ್ಯುತ್ತದೆ. ಮೇಲೆ ಊರಿಗಿಂತ ಸುಮಾರು ಎರಡು ಡಿಗ್ರಿ ಕಡಿಮೆ. ಹತ್ತಲು ರೈಲು, ಇಳಿಯಲು ನಡಿಗೆ; ಇಳಿಯಲು ಮುಕ್ಕಾಲು ಗಂಟೆ ಸಾಕು. ನಡೆದೇ ಹತ್ತಿ ಬೆವರಿದರೆ ಮೇಲಿನ ಗಾಳಿಗೆ ಆ ಬೆವರೇ ಚಳಿಯಾಗುತ್ತದೆ. 643 ಮೀಟರಿನ ಉಲ್ರಿಕೆನ್‌ನಲ್ಲಿ ಈ ತಿಂಗಳು ಹಿಮ ಉಳಿದಿರುತ್ತದೆ. ಅಲ್ಲಿಂದ ಫ್ಲೋಯೆನ್‌ವರೆಗಿನ ಬೆಟ್ಟದ ಸಾಲಿನ ನಡಿಗೆ ಬೇಸಿಗೆಯವರಿಗೇ ಇರಲಿ.

ಹಳೆಯ ಬಂದರುಕಟ್ಟೆಯಾದ ಬ್ರಿಗ್ಗೆನ್‌ನ ಮರದ ಮನೆಗಳನ್ನು, 1702ರ ಬೆಂಕಿಯ ನಂತರ ಹಳೆಯ ವಿನ್ಯಾಸದಲ್ಲೇ ಎದ್ದವನ್ನು, ಎದುರಿನಿಂದ ಫೋಟೊ ತೆಗೆದು ಹೊರಡಬೇಡಿ. ನಡುವಿನ ಕಿರುಓಣಿಗಳೇ ಅದರ ಜೀವ. ಅಲ್ಲಿ ನೆಲದ ಹಲಗೆಗಳು ಮಳೆಗೆ ವಿಪರೀತ ಜಾರುತ್ತವೆ, ರಬ್ಬರ್ ಅಡಿಯ ಶೂ ಬೇಕೇಬೇಕು.

ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್, ಕಂದು ಚೀಸ್, ಹಣ್ಣು ಕೊಂಡಿಟ್ಟೆ. ಕುಡಿಯಲು ನಲ್ಲಿ ನೀರೇ ಸಾಕು. ಊರಿಂದ ಅವಲಕ್ಕಿ, ಚಟ್ನಿಪುಡಿ ತರಬಹುದು, ತುಪ್ಪ ಬೇಡ: ಭಾರತದಿಂದ ತಂದ ಹಾಲಿನ ಪದಾರ್ಥಕ್ಕೆ ನಾರ್ವೆಯ ಗಡಿಯಲ್ಲಿ ಪ್ರವೇಶವಿಲ್ಲ.