ಸೂಜಿಗೆ ಮೊದಲು ಸದ್ದು

ರೋಗ ಪತ್ತೆಗೆ ಸೂಜಿಯಿಂದ ಒಳಗಿನ ತುಣುಕು ತೆಗೆಯುವ ಬಯಾಪ್ಸಿ ಗನ್ನನ್ನು ಮೊದಲು ಗಾಳಿಯಲ್ಲೇ ಒಮ್ಮೆ ಹೊಡೆದು ತೋರಿಸುವುದು ನನ್ನ ಅಭ್ಯಾಸ. ಸ್ಟೇಪ್ಲರ್ ಒತ್ತಿದ ಹಾಗೆ ‘ಟಕ್’ ಅನ್ನುತ್ತದೆ. ‘ಇಷ್ಟೇನಾ ಡಾಕ್ಟ್ರೇ?’ ಅಂತ ಎಷ್ಟೋ ಜನ ನಕ್ಕುಬಿಡುತ್ತಾರೆ.

ರೇಡಿಯಾಲಜಿ ಕಲಿಯುತ್ತಿದ್ದ ದಿನಗಳಲ್ಲಿ ಹೀಗೆ ಮಾಡುತ್ತಿರಲಿಲ್ಲ. ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರಿಯೊಬ್ಬರು ಆ ಸದ್ದಿಗೆ ಬೆಚ್ಚಿ ಹೊಟ್ಟೆ ಎಳೆದುಕೊಂಡರು. ಸೂಜಿ ಲಿವರ್ ಒಳಗಿತ್ತು. ಅವರಿಗೇನೂ ಆಗಲಿಲ್ಲ, ಬೆವರಿದ್ದು ನಾನು. ‘ನೋವಲ್ಲ ಸಾ, ಸದ್ದಿಗೆ ಹೆದರ್ಕೊಂಡೆ’ ಅಂದರು.

ನೋವು ನಿಜಕ್ಕೂ ಆಗುವುದು ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ. ಕೆಲವು ಸೆಕೆಂಡು ಚುರುಚುರು ಉರಿಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ, ‘ಈಗ ಉರಿಯುತ್ತೆ ಅಮ್ಮಾ’ ಅಂತ ಹೇಳಿಯೇ ಕೊಡುತ್ತೇನೆ. ಆಮೇಲೆ ಒತ್ತಿದ್ದು ಗೊತ್ತಾಗುತ್ತದೆ, ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಬಳಸುವ 18 ಗೇಜ್ ಸೂಜಿಯ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಬರುವ ತುಣುಕು ಶಾವಿಗೆಯ ಚೂರಿನಷ್ಟು. ಅಂಥವು ಎರಡು-ಮೂರು ಬೇಕು. ಹೊಲಿಗೆ ಹಾಕುವುದಿಲ್ಲ.

ಕುತ್ತಿಗೆ, ಸ್ತನ, ಲಿವರ್ ಆದರೆ ಹೆಚ್ಚಾಗಿ ಅಲ್ಟ್ರಾಸೌಂಡ್ ಸಾಕು, ಸೂಜಿ ಬಿಳಿ ಗೆರೆಯಾಗಿ ಗಡ್ಡೆಯ ಕಡೆ ಹೋಗುವುದು ಪರದೆಯಲ್ಲಿ ಕಾಣುತ್ತಿರುತ್ತದೆ. ಶ್ವಾಸಕೋಶದ ಒಳಗಿನದಕ್ಕೆ ಸಿಟಿ ಸ್ಕ್ಯಾನ್ ಬೇಕು. ಅಲ್ಲಿ ಉಸಿರಾಟದ ಜೊತೆ ಗಡ್ಡೆಯೂ ಜಾಗ ಬದಲಿಸುತ್ತದೆ. ಪ್ರತಿ ಸಲ ಒಂದೇ ಅಳತೆಗೆ ಉಸಿರು ಹಿಡಿಯುವುದನ್ನು ಮೊದಲೇ ನಾಲ್ಕು ಸಲ ಅಭ್ಯಾಸ ಮಾಡಿಸುತ್ತೇನೆ.

ನಮಗೆ ತಲೆನೋವು ತರುವುದು ರಕ್ತ ತೆಳುವಾಗಿಸುವ ಮಾತ್ರೆ. ‘ಮಾತ್ರೆ ಏನಾದ್ರೂ ತಗೋತೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ಮೇಜಿನ ಮೇಲೆ ಮಲಗಿದ ಮೇಲೆ, ‘ಹಾರ್ಟಿಗೊಂದು ಇದೆ, ಅದು ದಿನಾ ತಗೊಳೋದು’! ಕೋಲಾರದಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದವರನ್ನು ಹಾಗೇ ವಾಪಸ್ ಕಳಿಸಿದ್ದಿದೆ. ಈಗ ಮಾತ್ರೆಯ ಸ್ಟ್ರಿಪ್ಪುಗಳನ್ನೇ ತನ್ನಿ ಅನ್ನುತ್ತೇನೆ. ತಾವಾಗಿ ನಿಲ್ಲಿಸುವುದೂ ಬೇಡ, ಸ್ಟೆಂಟ್ ಇದ್ದವರಂತೂ ಹೃದಯದ ಡಾಕ್ಟರನ್ನು ಕೇಳಲೇಬೇಕು.

ನನ್ನ ಇನ್ನೊಂದು ಎಡವಟ್ಟನ್ನೂ ಹೇಳಬೇಕು. ಒಬ್ಬ ಹುಡುಗಿಯ ಕುತ್ತಿಗೆಯ ಗಂಟಿನಿಂದ ತೆಗೆದ ತುಣುಕುಗಳನ್ನೆಲ್ಲ, ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ಗೆ ಹಾಕಿಬಿಟ್ಟೆ. ಕೊನೆಗೆ ಟಿಬಿ ಶಂಕೆ ಬಂತು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಮಾಡಲಾಗದು. ಮತ್ತೆ ಚುಚ್ಚಬೇಕಾಯಿತು, ಅವಳ ತಾಯಿಗೆ ಮುಖ ತೋರಿಸಲು ನಾಚಿಕೆಯಾಗಿತ್ತು. ಆವತ್ತಿನಿಂದ ಒಂದು ತುಣುಕು ಸಲೈನ್‌ನಲ್ಲಿ ಬೇರೆ. ಗಂಟೆಂದರೆಲ್ಲ ಕ್ಯಾನ್ಸರ್ ಅಲ್ಲ, ನಮ್ಮಲ್ಲಿ ಟಿಬಿ ಸಾಕಷ್ಟಿದೆ.

‘ಗಡ್ಡೆಗೆ ಸೂಜಿ ತಾಗಿಸಿದ್ರೆ ಹರಡುತ್ತಂತಲ್ಲ?’ ಇದನ್ನು ಮನೆಯವರು ನನ್ನನ್ನು ಕಾರಿಡಾರಿಗೆ ಕರೆದು ಮೆಲ್ಲಗೆ ಕೇಳುತ್ತಾರೆ. ಸೂಜಿ ಹೋದ ದಾರಿಯಲ್ಲಿ ಹರಡುವುದು ಬಹಳ ಅಪರೂಪ. ಆ ಭಯ ಸ್ವಲ್ಪ ಹೆಚ್ಚಿರುವ ಕೆಲವು ಲಿವರ್ ಗಡ್ಡೆಗಳನ್ನು ಸ್ಕ್ಯಾನಿನಲ್ಲೇ ಗುರುತಿಸಬಹುದು, ಅಲ್ಲಿ ಸೂಜಿಯನ್ನೇ ಹಾಕುವುದಿಲ್ಲ. ಉಳಿದ ಕಡೆ ತುಣುಕು ನೋಡದೆ ಯಾವ ಔಷಧಿ ಅಂತ ನಿರ್ಧರಿಸುವುದು ಕಷ್ಟ.

ಲಿವರ್ ಬಯಾಪ್ಸಿಯಾದ ಮೇಲೆ ಕೆಲವರಿಗೆ ಬಲಭುಜ ನೋಯುತ್ತದೆ. ಹೊಟ್ಟೆಗೆ ಚುಚ್ಚಿ ಭುಜ ಯಾಕೆ ಅಂತ ಗಾಬರಿಯಾಗುತ್ತಾರೆ. ಎದೆ-ಹೊಟ್ಟೆಯ ನಡುವಿನ ಸ್ನಾಯುವಾದ ವಪೆ ಕೆರಳಿದರೆ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಕೆಲವು ಗಂಟೆ ಮಲಗಿಸಿ ಬಿಪಿ, ನಾಡಿ ನೋಡುತ್ತೇವೆ. ಶ್ವಾಸಕೋಶವಾದರೆ ಗಾಳಿ ಸೋರಿದೆಯಾ ಅಂತ ಎಕ್ಸ್‌ರೇ ತೆಗೆಯುತ್ತೇವೆ. ಸ್ವಲ್ಪ ಸೋರಿದ್ದರೆ ತಾನೇ ಸರಿಹೋಗುತ್ತದೆ, ಹೆಚ್ಚಾದರೆ ಟ್ಯೂಬ್ ಹಾಕಬೇಕು. ಕಫದಲ್ಲಿ ಚೂರು ರಕ್ತ ಬರಬಹುದು. ಮನೆಗೆ ಹೋದ ಮೇಲೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಬೆಳಗಾಗಲಿ ಅಂತ ಕಾಯಬಾರದು. ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನೆದು ಸುಮ್ಮನಿರುವವರೂ ಇದ್ದಾರೆ, ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ.

ಬ್ಯಾಂಡೇಜ್ ಅಂಟಿಸುವಾಗ ಎಲ್ಲರದೂ ಒಂದೇ ಪ್ರಶ್ನೆ: ‘ನಿಮ್ಗೆ ಗೊತ್ತಾಗಿರತ್ತೆ, ಹೇಳ್ಬಿಡಿ ಡಾಕ್ಟ್ರೇ.’ ಪ್ಯಾಥಾಲಜಿ ವರದಿಗೆ ಕೆಲವು ದಿನ ಬೇಕು, ವಿಶೇಷ ಪರೀಕ್ಷೆ ಹೇಳಿದರೆ ಇನ್ನೂ ಕೆಲವು ದಿನ. ಅದನ್ನೇ ಹೇಳುತ್ತೇನೆ. ಆದರೂ ಅವರು ನನ್ನ ಮುಖ ನೋಡುತ್ತಲೇ ಇರುತ್ತಾರೆ. ನಾನು ಮಾಸ್ಕ್ ತೆಗೆಯುವುದು ಹೊರಗೆ ಹೋದ ಮೇಲೆಯೇ.